ಬಿಕ್ಕೋಡಿನ ರಸ್ತೆಯಲ್ಲಿ ಧೂಮಕೇತು

ಯುಗಾದಿಗೆ ನಾಲ್ಕು ದಿನ ಇರುವಾಗ, ಒಂದು ಶುಕ್ರವಾರ ಬೆಳಿಗ್ಗೆ ಬೆಂಗಳೂರು ಬಿಟ್ಟೆ. ಹೆಗಲಿಗೆ ಬಟ್ಟೆಯ ಚೀಲ, ತೋಳಿನಲ್ಲಿ ಒಂದು ಉದ್ದನೆಯ ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಅಮ್ಮನ ಹಳೆಯ ನೂಲಿನ ಸೀರೆಯಲ್ಲಿ ಸುತ್ತಿದ ಟೆಲಿಸ್ಕೋಪು. ಅದರ ಕನ್ನಡಿಯನ್ನು ನಾನು ಓದುತ್ತಿದ್ದ ಕಾಲದಲ್ಲಿ ಎಂಟು ತಿಂಗಳು ಕೂತು ಕೈಯಾರೆ ಉಜ್ಜಿ ನಯ ಮಾಡಿದ್ದೆ. ಹಾಗಾಗಿ ಯಾರ ಕೈಗೂ ಕೊಡುವ ಅಭ್ಯಾಸವಿರಲಿಲ್ಲ. ಸ್ಟೇಷನ್ನಿನಲ್ಲಿ ಕೂಲಿಯವನು ಬಂದು ಎರಡು ಸಲ ಕೇಳಿ, ಸೋತು ಹೋದ.

ಅದು ತೊಂಬತ್ತೇಳನೆಯ ಇಸವಿ. ಆ ವರ್ಷ ದೊಡ್ಡದೊಂದು ಧೂಮಕೇತು ಬಂದಿತ್ತು. ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಮೊದಮೊದಲು ನಸುಕಿನಲ್ಲಿ ಈಶಾನ್ಯಕ್ಕೆ, ಆಮೇಲೆ ಸಂಜೆ ಹೊತ್ತು ವಾಯವ್ಯಕ್ಕೆ, ಬರಿಗಣ್ಣಿಗೇ ಕಾಣುತ್ತಿತ್ತು. ನನ್ನ ಸಂಶೋಧನೆ ಇಂಥ ಧೂಮಕೇತುಗಳ ಮೇಲೆಯೇ. ಹೇಳುವಾಗ ದೊಡ್ಡದಾಗಿ ಕೇಳಿಸುತ್ತದೆ. ನಿಜಕ್ಕೂ ನಾನು ದಿನವಿಡೀ ಕೂತಿರುವುದು ಒಂದು ಉಕ್ಕಿನ ಡಬ್ಬಿಯ ಮುಂದೆ. ಅದರೊಳಗಿನ ಗಾಳಿಯನ್ನೆಲ್ಲ ಹೊರಗೆಳೆದು, ಉಗುರಿನಗಲದ ಒಂದು ತಟ್ಟೆಯನ್ನು ಸೊನ್ನೆಗಿಂತ ಇನ್ನೂರೈವತ್ತು ಡಿಗ್ರಿ ಕೆಳಕ್ಕೆ ತಣಿಸಿ, ಅದರ ಮೇಲೆ ನೀರಿನ ಆವಿ, ಇನ್ನೊಂದೆರಡು ಅನಿಲ ಬಿಟ್ಟು ಐಸಿನ ತೆಳು ಪೊರೆ ಕಟ್ಟಿಸುತ್ತೇನೆ. ನೆಪ್ಚೂನಿನಾಚೆ, ಸೂರ್ಯನ ಶಾಖ ಮುಟ್ಟದ ಕಡೆ, ಇಂಥ ಐಸಿನ ಪುಟ್ಟ ಲೋಕಗಳು ಲೆಕ್ಕವಿಲ್ಲದಷ್ಟು ಬಿದ್ದಿವೆ. ಅವು ಒಂದೊಂದಾಗಿ ಆಗಷ್ಟೇ ನಮ್ಮ ಕಣ್ಣಿಗೆ ಬೀಳತೊಡಗಿದ್ದವು. ಅಲ್ಲಿಗೆ ನಾವು ಹೋಗಲಾರೆವು. ಅದಕ್ಕೂ ಆಚೆಯ ಚಳಿಯಿಂದ ಒಂದು ತುಂಡು ತಾನಾಗಿ ಸೂರ್ಯನ ಹತ್ತಿರಕ್ಕೆ ಬಂದರೆ ಅದೇ ಧೂಮಕೇತು. ನನ್ನ ಡಬ್ಬಿಯಲ್ಲಿ ಕಂಡದ್ದು ಆಕಾಶದಲ್ಲೂ ಕಾಣುತ್ತದೆಯೇ ಎಂದು ತಾಳೆ ನೋಡುವುದು ನನ್ನ ಕೆಲಸ.

ನಾಲ್ಕು ದಿನದ ರಜೆ ಕೇಳಿದಾಗ ನಮ್ಮ ವಿಭಾಗದ ಮುಖ್ಯಸ್ಥರು, “ಸುಜಾತಾ, ಊರೂರು ಸುತ್ತಿ ಬಯಾಸ್ಕೋಪು ತೋರ್ಸೋದು ವಿಜ್ಞಾನಿಗಳ ಕೆಲಸ ಅಲ್ಲ” ಎಂದರು. ನಾನು ಸಂಬಳವಿಲ್ಲದ ರಜೆಗೆ ಅರ್ಜಿ ಬರೆದು ಅವರ ಮೇಜಿನ ಮೇಲಿಟ್ಟು ಬಂದೆ.

ಕರೆದವಳು ನಾಗರತ್ನ. ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನ ಪಕ್ಕದ ಮಂಚದವಳು. ಈಗ ಬೇಲೂರಿನ ಒಂದು ಖಾಸಗಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. “ನಮ್ಮ ಹುಡುಗೀರು ಸಂಜೆಯಾದರೆ ತಲೆ ತಗ್ಗಿಸಿಕೊಂಡು ನಡೀತಾರೆ ಕಣೇ, ಮೇಲೆ ನೋಡಿದರೆ ಮದುವೆ ಆಗಲ್ಲವಂತೆ” ಎಂದು ಕಾರ್ಡು ಬರೆದಿದ್ದಳು. “ನೀನು ಬಂದು ತೋರಿಸು. ನಾನು ಹೇಳಿದರೆ ಪಾಠ ಅಂದ್ಕೋತಾರೆ.”

ಬೆಂಗಳೂರಿನಿಂದ ಅರಸೀಕೆರೆಗೆ ನೂರ ಅರವತ್ತು ಕಿಲೋಮೀಟರಿನ ಆಸುಪಾಸು. ಎರಡನೇ ದರ್ಜೆಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ತುಮಕೂರು ದಾಟುವ ಹೊತ್ತಿಗೆ ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು. ತಿಪಟೂರಿನಿಂದಾಚೆ ತೆಂಗಿನ ತೋಟಗಳು ಶುರುವಾದವು; ನನಗೆ ಊರು ಬಂತು ಅನ್ನಿಸುವುದು ಅಲ್ಲಿಂದಲೇ. ಅರಸೀಕೆರೆಯ ಪ್ಲಾಟ್‌ಫಾರಮ್ಮಿನಲ್ಲಿ ಇಳಿದು ಎಲೆಯಲ್ಲಿ ಕಟ್ಟಿಕೊಟ್ಟ ಇಡ್ಲಿ ವಡೆ ತಿಂದೆ. ಚಟ್ನಿಗೆ ಆ ಊರಿನಲ್ಲಿ ಕಾಯಿ ಲೋಭ ಮಾಡುವುದಿಲ್ಲ.

ನಮ್ಮಪ್ಪ ಇದೇ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ರೈಲು ಯಾವ ಹಳಿಗೆ ಹೋಗಬೇಕೋ ಆ ಹಳಿ ಕೂಡಿಸುವ ಕೆಲಸ. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಅಣ್ಣ ಆನಂದ ಈಗ ಅಲ್ಲೇ ಟಿಕೆಟ್ ಕೊಡುವ ಗುಮಾಸ್ತ. ಅವನ ಕ್ವಾರ್ಟರ್ಸಿನಲ್ಲಿ ಉಳಿದೆ. ಸಂಜೆ ಏಳಕ್ಕೆ ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ, ದೀಪಗಳು ಮುಗಿಯುವ ಕಡೆ, ಟೆಲಿಸ್ಕೋಪು ನಿಲ್ಲಿಸಿದೆ. ಆಕಾಶ ತೊಳೆದ ಹಾಗಿತ್ತು. ಹಮಾಲಿಗಳು, ಗ್ಯಾಂಗ್‌ಮನ್‌ಗಳು, ಕೊಬ್ಬರಿ ಮಂಡಿಯಿಂದ ವಾಪಸು ಹೋಗುತ್ತಿದ್ದವರು ಸಾಲುಗಟ್ಟಿದರು. ಅಪ್ಪನ ಜೊತೆ ಕೆಲಸ ಮಾಡಿದ್ದ ಹಮಾಲಿ ಕರಿಯಪ್ಪ ನೋಡಿ, ಕಣ್ಣು ತೆಗೆಯದೆ ಕೇಳಿದ:

“ಅದ್ರೊಳಗೆ ಏನೈತವ್ವ?”

“ಐಸು.”

“ಕ್ಯಾಂಡಿ ಐಸಾ?”

“ಮಣ್ಣಲ್ಲಿ ಬಿದ್ದ ಕ್ಯಾಂಡಿ ಅನ್ಕೋ. ಒಂದೆರಡು ಮೈಲಿಯಲ್ಲ, ಹತ್ತಾರು ಮೈಲಿ ಅಗಲ. ಬಿಸಿಲಿಗೆ ಬಂದು ಆವಿ ಏಳ್ತಾ ಐತೆ. ಆ ಆವಿನೇ ಬಾಲ.”

ಕರಿಯಪ್ಪ ಪಕ್ಕದವನಿಗೆ, “ಕೇಳ್ದೇನ್ಲಾ? ಐಸಂತೆ. ನೀನು ನಿನ್ನೆ ದಿನ ಕೆಂಡ ಅಂದಿದ್ದೆ” ಎಂದು ಬೈದ. ಹೆದರಿದವರು ಒಬ್ಬರೂ ಇರಲಿಲ್ಲ. ನಾಳೆಯೂ ಹೀಗೇ ಆಗುತ್ತದೆ ಎಂದುಕೊಂಡು ಮಲಗಿದೆ.

ಶನಿವಾರ ಬೆಳಿಗ್ಗೆ ಬೇಲೂರಿನ ಬಸ್ಸು. ಬಾಣಾವರ, ಜಾವಗಲ್, ಹಳೇಬೀಡು ದಾರಿಯಾಗಿ ಅರವತ್ತು ಕಿಲೋಮೀಟರು. ಕಂಡಕ್ಟರು ಪೆಟ್ಟಿಗೆ ನೋಡಿ, “ಟಾಪಿಗೆ ಹಾಕ್ಸಿ ಮೇಡಂ” ಎಂದರು.

“ಟಾಪಿಗೆ ಹಾಕಲ್ಲ.”

“ಹಂಗಾದ್ರೆ ಇಳೀರಿ.”

“ಅದಕ್ಕೂ ಒಂದು ಟಿಕೆಟ್ ಹರೀರಿ. ಸೀಟಲ್ಲಿ ಕೂರುತ್ತೆ.”

ಕಂಡಕ್ಟರು ನನ್ನ ಮುಖ ನೋಡಿ, ಹದಿನೇಳು ರೂಪಾಯಿಯ ಎರಡು ಟಿಕೆಟ್ ಹರಿದು ಕೊಟ್ಟರು. ಜಾವಗಲ್ಲಿನಲ್ಲಿ ಹತ್ತಿದ ಅಜ್ಜಿಯೊಬ್ಬರಿಗೆ ಜಾಗವಿಲ್ಲದಾಗ ಪೆಟ್ಟಿಗೆಯನ್ನು ತೊಡೆಯ ಮೇಲೆ ಹಾಕಿಕೊಂಡೆ. ಹೀಗೆ ಎರಡು ಟಿಕೆಟ್ಟಿನಲ್ಲಿ ಒಂದು ಸೀಟು. ಹಳೇಬೀಡಿನ ಕೆರೆ ಕಿಟಕಿಯಲ್ಲಿ ಹಾದುಹೋಯಿತು; ನೀರು ಸಾಕಷ್ಟು ಕೆಳಗಿಳಿದಿತ್ತು. ಅಲ್ಲಿಂದ ಹದಿನಾರು ಕಿಲೋಮೀಟರಿಗೆ ಬೇಲೂರು.

ಬಸ್‌ಸ್ಟ್ಯಾಂಡಿನಲ್ಲಿ ನಾಗರತ್ನ ಕಾಯುತ್ತಿದ್ದಳು. ಅವಳು ಸಿಟ್ಟು ಬಂದಾಗ ತುಂಬಾ ನಿಧಾನವಾಗಿ ಮಾತಾಡುತ್ತಾಳೆ.

“ಶಾಲೆಯ ಮೈದಾನಕ್ಕೆ ಬೀಗ ಹಾಕಿಸಿದಾರೆ. ಕಮಿಟಿ ಅಧ್ಯಕ್ಷರ ಅಪ್ಪಣೆ. ಕಾರಣ ಕೇಳಿದ್ದಕ್ಕೆ ‘ಹಬ್ಬದ ಎದುರಲ್ಲಿ ಬೇಡ’ ಅಂತ ಚೀಟಿ.”

ಆ ಸಂಜೆ ಬೀಗವಿಲ್ಲದಿದ್ದರೂ ಏನೂ ಕಾಣುತ್ತಿರಲಿಲ್ಲ. ನಾಲ್ಕು ಗಂಟೆಗೇ ಮೋಡ ಕಟ್ಟಿ, ಗುಡುಗಿ, ಒಂದು ತಾಸು ಆಲಿಕಲ್ಲು ಬೆರೆತ ಮಳೆ ಬಂತು. ನಾಗರತ್ನಳ ಕೋಣೆಯಲ್ಲಿ ಕೂತು ಅನ್ನ, ಹುರುಳಿ ಸಾರು ತಿಂದೆವು. ಆಗ ಅವಳು ಹೇಳಿದ್ದು, ಕಾರ್ಡಿನಲ್ಲಿ ಬರೆಯದೇ ಬಿಟ್ಟದ್ದು. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಜೂನ್ ತಿಂಗಳಲ್ಲಿ ಅದು ಆಗಬೇಕು, ಸಹಿ ಹಾಕಬೇಕಾದವರು ಇದೇ ಅಧ್ಯಕ್ಷರು.

“ಹಾಗಾದರೆ ಬಿಡು. ನಾನು ನಾಳೆ ವಾಪಸು ಹೋಗ್ತೀನಿ” ಎಂದೆ.

“ಹೋಗು. ಆದರೆ ಅವರ ಮನೆ ಹಾದು ಹೋಗು. ನಾನೂ ಬರ್ತೀನಿ. ಬೇಡ ಅನ್ನೋದನ್ನ ಎದುರಿಗೆ ಹೇಳಲಿ.”

ಅಧ್ಯಕ್ಷರ ಊರು ಬಿಕ್ಕೋಡು. ಬೇಲೂರಿನಿಂದ ಹತ್ತು ಹನ್ನೆರಡು ಕಿಲೋಮೀಟರು. ಭಾನುವಾರ ಬಸ್ಸು ಕಡಿಮೆ. ಹತ್ತಕ್ಕೆ ಬದಲು ಹದಿನೆಂಟು ಜನರನ್ನು ತುಂಬಿಕೊಂಡ ಒಂದು ಜೀಪಿನಲ್ಲಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆವು. ಮಳೆ ಬಿದ್ದದ್ದಕ್ಕೆ ರಸ್ತೆಯ ದೂಳು ಅಡಗಿತ್ತು. ವಾರದ ಹಿಂದಿನ ಮಳೆಗೇ ಹೂ ಬಿಟ್ಟಿದ್ದ ಕಾಫಿ ತೋಟಗಳ ವಾಸನೆ ಜೀಪಿನೊಳಗಿನ ಬೆವರಿನ ವಾಸನೆಯನ್ನೂ ಮೀರಿ ಬರುತ್ತಿತ್ತು.

ಅಧ್ಯಕ್ಷ ಪುಟ್ಟಸ್ವಾಮಿಗೌಡರ ಮನೆ ಊರಿನ ತುದಿಯಲ್ಲಿ, ರಸ್ತೆಗೆ ಮುಖ ಮಾಡಿ ಇತ್ತು. ಹೆಂಚಿನ ಮನೆಯ ಮುಂದೆ ಹೊಸದಾಗಿ ಕಟ್ಟಿದ ತಾರಸಿಯ ವರಾಂಡ. ಗೌಡರು ಅರವತ್ತರ ಆಸುಪಾಸಿನ, ಮಾತಿನಲ್ಲಿ ಮರ್ಯಾದೆ ತಪ್ಪದ ಮನುಷ್ಯ. ಕುರ್ಚಿ ಹಾಕಿಸಿದರು.

“ಅರಸೀಕೆರೆಯೋರಂತೆ? ಯಾರ ಪೈಕಿ?”

“ನಮ್ಮಪ್ಪ ಅಲ್ಲಿ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು.”

“ಅಲ್ಲ, ಜನ ಯಾವ್ದು ಅಂದೆ.”

“ಬೌದ್ಧರು.”

ಗೌಡರು “ಓ” ಎಂದರು. ಒಳಗಿನಿಂದ ಕಾಫಿ ಬಂತು. ಗೌಡರಿಗೂ ನಾಗರತ್ನಳಿಗೂ ಸ್ಟೀಲಿನ ಲೋಟ, ನನಗೆ ಒಂದು ಗಾಜಿನ ಲೋಟ. ನಾನು ಅದನ್ನು ಮುಟ್ಟಲಿಲ್ಲ. ನಾಗರತ್ನ ತನ್ನದನ್ನೂ ಕೆಳಗಿಟ್ಟಳು. ಮಾತು ಬೆಳೆಸುವ ಮೊದಲೇ ಬಾಗಿಲ ಬಳಿಯಿಂದ ಒಬ್ಬ ಹುಡುಗಿ ಬಂದಳು. ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸು, ಏಳು ತಿಂಗಳ ಬಸುರಿ ಎಂದು ಆಮೇಲೆ ತಿಳಿಯಿತು. ಗಾಜಿನ ಲೋಟ ಎತ್ತಿಕೊಂಡು, ಸ್ಟೀಲಿನ ಲೋಟದಲ್ಲಿ ಬೇರೆ ಕಾಫಿ ಇಟ್ಟಳು. “ಅತ್ತೆ ಗಡಿಬಿಡೀಲಿ ಲೋಟ ತಪ್ಪಿಸಿದ್ರು” ಎಂದು ಯಾರನ್ನೂ ನೋಡದೆ ಹೇಳಿ ಒಳಗೆ ಹೋದಳು. ಗೌಡರ ಸೊಸೆ, ಪುಷ್ಪಾ. ಕಾಫಿ ಕುಡಿದೆ.

“ನೋಡಿ ಮೇಡಂ, ನಾನು ಏನೂ ತಿಳೀದೋನು ಅಂದ್ಕೋಬೇಡಿ, ಬಿ.ಎ. ಮಾಡ್ದೋನು” ಎಂದು ಗೌಡರು ಶುರು ಮಾಡಿದರು. “ಆದ್ರೆ ನಾಳೆ ಅಮಾವಾಸ್ಯೆ, ನಾಳಿದ್ದು ಹಬ್ಬ. ಹೆಣ್ಮಕ್ಕಳಿಗೆ ಅದನ್ನ ತೋರ್ಸಿ, ಯಾವುದಾದ್ರೂ ಮಗೀಗೆ ಜ್ವರ ಬಂದ್ರೆ ಅಪ್ಪಂದಿರು ಬಂದು ಕೇಳೋದು ನನ್ನ. ಹಬ್ಬ ಕಳೀಲಿ, ನೋಡುವಾ.”

“ಹಬ್ಬ ಕಳೆದ ಮೇಲೆ ಅದು ದಿನದಿನಕ್ಕೂ ಮಂಕಾಗತ್ತೆ ಸಾರ್. ಮತ್ತೆ ಬರೋದು ಎರಡು ಸಾವಿರ ವರ್ಷ ದಾಟಿದ ಮೇಲೆ.”

“ಬರ್ದಿದ್ರೆ ಒಳ್ಳೇದೇ ಆಯ್ತಲ್ಲ” ಎಂದು ನಕ್ಕರು. ನಂತರ ನಗು ನಿಲ್ಲಿಸಿ, “ನಮ್ಮನೇಲೂ ಬಸುರಿ ಹೆಂಗ್ಸು ಅದೆ. ಜೋಯಿಸ್ರು ಹೇಳಿದ ಮೇಲೆ ನಾವೂ ಹುಷಾರಾಗಿದೀವಿ. ನಿಮ್ಮ ವಿಜ್ಞಾನ ನಿಮಗಿರ್ಲಿ, ಬೇಡ ಅನ್ನಲ್ಲ. ನಮ್ಮ ಶಾಲೇಲಿ ಬೇಡ” ಎಂದರು.

ಎದುರಿಗೆ ಹೇಳಿದ್ದಾಯಿತು. ಎದ್ದೆವು. ಗೇಟಿನ ತನಕ ಪುಷ್ಪಾ ಬಂದಳು, ಕೈಯಲ್ಲಿ ಸುಮ್ಮನೆ ಒಂದು ಚೆಂಬು ಹಿಡಿದುಕೊಂಡು.

“ಮೇಡಂ, ನಾನು ಹಾಸನದಲ್ಲಿ ಬಿ.ಎಸ್ಸಿ. ಓದ್ದೋಳು. ಒಂದು ತಿಂಗಳಾಯ್ತು, ಸಂಜೆ ಐದೂವರೆಗೆ ನನ್ನ ಒಳಗೆ ಕಳಿಸಿ ಬಾಗಿಲು ಹಾಕ್ತಾರೆ. ಬೆಳಗಿನ ಜಾವಾನೂ ಹೊರಗೆ ಬಿಡ್ತಿರ್ಲಿಲ್ಲ. ತೋಟದ ಆಳುಗಳೆಲ್ಲ ನೋಡಿದಾರೆ. ನಾನೊಬ್ಳೇ ನೋಡಿಲ್ಲ. ನೀವು ಎಲ್ಲಿ ಇಡ್ತೀರೋ ಹೇಳಿ, ನಾನ್ ಬರ್ತೀನಿ.”

ನಾನು ತಕ್ಷಣ ಹೂಂ ಎನ್ನಲಿಲ್ಲ. ಅದನ್ನು ಇಲ್ಲಿ ಬಚ್ಚಿಡಬಾರದು. ನನಗೆ ಹೆದರಿಕೆಯಾಯಿತು, ಆಕಾಶದಲ್ಲಿದ್ದದ್ದರ ಬಗ್ಗೆ ಅಲ್ಲ.

“ನೋಡೋದರಿಂದ ಏನೂ ಆಗಲ್ಲ ಪುಷ್ಪಾ, ಅದು ನನಗೆ ಗೊತ್ತು. ಆದರೆ ಹೆರಿಗೆ ಅಂದ ಮೇಲೆ ಬೇರೆ ನೂರು ಕಾರಣಕ್ಕೆ ತೊಂದರೆ ಬರಬಹುದು. ಆಗ ಅದನ್ನ ನಿಮ್ಮ ತಲೆಗೆ ಕಟ್ತಾರೆ. ಜನ್ಮವಿಡೀ ಹೇಳ್ತಾರೆ.”

ಅವಳು ಚೆಂಬನ್ನು ಗೇಟಿನ ಕಂಬದ ಮೇಲಿಟ್ಟಳು.

“ಎರಡು ವರ್ಷದ ಹಿಂದೆ ಒಂದು ಐದು ತಿಂಗಳಿಗೇ ಹೋಯ್ತು ಮೇಡಂ. ಆಗ ಆಕಾಶದಲ್ಲಿ ಏನೂ ಇರ್ಲಿಲ್ಲ. ಆದ್ರೂ ನನ್ನ ತಲೆಗೇ ಕಟ್ಟಿದ್ರು. ದಾರೀಲಿ ದೃಷ್ಟಿ ಇಳಿ ತೆಗೆದು ಬಿಸಾಕಿದ ಕಾಯಿ ದಾಟಿದೆ ಅಂದ್ರು, ಓದಿ ಓದಿ ಹೊಟ್ಟೆ ಕಾವು ಹೆಚ್ಚಾಯ್ತು ಅಂದ್ರು. ಅವ್ರಿಗೆ ಕಾರಣಕ್ಕೆ ಬರ ಇಲ್ಲ. ನೋಡದೆ ಇದ್ರೂ ಬಯ್ತಾರೆ, ನೋಡಿದ್ರೂ ಬಯ್ತಾರೆ. ನೋಡಿ ಬಯ್ಸ್ಕೋತೀನಿ.”

ನಾಗರತ್ನ ನನ್ನ ಕಡೆ ತಿರುಗಿದಳು. “ಶಾಲೆಗೆ ಬೀಗ ಹಾಕಬಹುದು ಕಣೇ. ರಸ್ತೆಗೆ ಹಾಕೋಕಾಗಲ್ಲ” ಎಂದಳು. ಜೂನ್ ತಿಂಗಳ ಸಹಿಯನ್ನು ಅವಳು ಮರೆತಿರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಗೌಡರ ಮನೆಯ ಎದುರಿಗೇ ಬಸ್ಸು ತಿರುಗಿಸುವ ಅಗಲವಾದ ಜಾಗ. ವಾಯವ್ಯಕ್ಕೆ ಮರವಿಲ್ಲ, ಗುಡ್ಡವಿಲ್ಲ, ಗದ್ದೆ ಬಯಲು. ಊರಲ್ಲಿ ಬೇರೆಲ್ಲೂ ಅಷ್ಟು ಬಯಲು ಸಿಗಲಿಲ್ಲ. ಸಿಕ್ಕಿದ್ದರೂ ನಾನು ಅಲ್ಲೇ ಇಡುತ್ತಿದ್ದೆನೋ ಏನೋ. ನಾಗರತ್ನಳ ಶಾಲೆಯ ಹನ್ನೆರಡು ಹುಡುಗಿಯರು ಬಿಕ್ಕೋಡಿನವರೇ. ಮಧ್ಯಾಹ್ನ ಊಟ ಬಿಟ್ಟು ಅವಳು ಮನೆಮನೆಗೆ ಹೋಗಿ ಹೇಳಿ ಬಂದಳು. ನಾನು ಹೋಟೆಲಿನ ಬೆಂಚಿನ ಮೇಲೆ ಮೋಡ ನೋಡುತ್ತ ಕೂತೆ. ಮೂರು ಗಂಟೆಗೆ ಪಡುವಣ ಕಪ್ಪಾಯಿತು. ಐದಕ್ಕೆ ಗಾಳಿ ಎದ್ದು ಎಲ್ಲವನ್ನೂ ಸಕಲೇಶಪುರದ ಕಡೆ ತಳ್ಳಿತು.

ಆರೂಮುಕ್ಕಾಲಿಗೆ ಟೆಲಿಸ್ಕೋಪು ನಿಲ್ಲಿಸಿದಾಗ ಹನ್ನೆರಡರಲ್ಲಿ ಏಳು ಹುಡುಗಿಯರು ಬಂದಿದ್ದರು. ಅವರ ಹಿಂದೆ ಅವರನ್ನು ಕರೆದುಕೊಂಡು ಹೋಗಲು ಬಂದ ಅಮ್ಮಂದಿರು. ಆಮೇಲೆ ತೋಟದ ಲೈನ್ ಮನೆಗಳಿಂದ ಆಳುಗಳು, ಜೀಪಿನ ಡ್ರೈವರು. ಗೌಡರು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನೆತ್ತಿಯ ಮೇಲೆ ನೂರು ಕ್ಯಾಂಡಲ್ಲಿನ ಬಲ್ಬು. ಅದರ ಬೆಳಕು ನೇರ ನಮ್ಮ ಮುಖಕ್ಕೆ ಹೊಡೆಯುತ್ತಿತ್ತು. ನಾಗರತ್ನ ಗೇಟಿನ ಬಳಿ ಹೋಗಿ, “ಸಾರ್, ಸ್ವಲ್ಪ ಹೊತ್ತು ಲೈಟು ಆರಿಸ್ತೀರಾ?” ಎಂದು ಕೇಳಿದಳು.

“ನನ್ನ ಮನೆ ಲೈಟಮ್ಮ” ಎಂದರು ಗೌಡರು.

ಬಲ್ಬಿಗೆ ಬೆನ್ನು ತಿರುಗಿಸಿ, ಅಮ್ಮನ ಸೀರೆಯನ್ನು ಎರಡು ಕೋಲಿಗೆ ಕಟ್ಟಿಸಿ ಮರೆ ಮಾಡಿಕೊಂಡೆ. ಕತ್ತಲಾದಂತೆ ಧೂಮಕೇತು ತಾನಾಗಿ ಮೂಡಿತು. ಮೊದಲು ಒಂದು ಚುಕ್ಕಿ, ಕಾಲು ಗಂಟೆಯಲ್ಲಿ ಮೇಲ್ಮುಖವಾದ ಬಿಳಿಯ ಬಾಲ. ಲೈನ್ ಮನೆಯ ಒಬ್ಬಾಕೆ ಕೇಳಿದಳು:

“ಅವ್ವಾ, ಇದ್ರ ಬಾಲ ತಗುಲಿದ್ರೆ ಊರು ಉರಿದೋಯ್ತದಂತೆ?”

“ಅದು ನಿಮ್ಮ ಒಲೆಯ ಹೊಗೆಗಿಂತ ಸಾವಿರ ಪಾಲು ತೆಳು ಕಣಮ್ಮ. ತಗುಲಿದರೂ ನಿಮಗೆ ಗೊತ್ತಾಗಲ್ಲ. ತಗುಲೋದೂ ಇಲ್ಲ.”

“ಹಂಗಾದ್ರೆ ಒಲೇನೇ ಜಾಸ್ತಿ” ಎಂದಳು. ಹೆಂಗಸರೆಲ್ಲ ನಕ್ಕರು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ನೋಡಿದರು. ಮೊದಲನೆಯವಳು ಒಂದು ಕಣ್ಣಿನ ಜೊತೆ ಇನ್ನೊಂದನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದಳು. ನಾಗರತ್ನ ಬೆನ್ನು ತಟ್ಟಿದ ಮೇಲೆ ತೆರೆದಳು.

ಏಳೂಕಾಲಿನ ಹೊತ್ತಿಗೆ ಗೌಡರ ಮನೆಯ ಗೇಟು ಕಿರ್ ಎಂದಿತು. ಮುಂದೆ ಪುಷ್ಪಾಳ ಗಂಡ ಲೋಕೇಶ, ಕೈಯಲ್ಲಿ ಒಂದು ಮಡಚುವ ಕುರ್ಚಿ. ಬೆಳಗಿನಿಂದ ಅವನ ಧ್ವನಿಯನ್ನೇ ನಾನು ಕೇಳಿರಲಿಲ್ಲ. ಹಿಂದೆ ಪುಷ್ಪಾ. ಗೌಡರು ಎದ್ದು ನಿಂತರು.

“ಲೋಕಿ, ಏನೋ ಇದು?”

“ನಿಂತ್ಕೊಂಡು ನೋಡಿದ್ರೆ ಅವಳಿಗೆ ಸೊಂಟ ನೋಯ್ತದಪ್ಪ” ಎಂದ ಲೋಕೇಶ. ಅಷ್ಟೇ ಅವನು ಆಡಿದ ಮಾತು.

ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಅವಳು ಕೂತು ಕಣ್ಣಿಟ್ಟಳು. ನಾನು ಪಕ್ಕದಲ್ಲಿ ನಿಂತು ಅವಳ ಉಸಿರು ಕೇಳುತ್ತಿದ್ದೆ. ಅಷ್ಟರಲ್ಲಿ ವರಾಂಡದ ಬಲ್ಬು ಆರಿತು. ಕರೆಂಟು ಹೋಯಿತು ಎಂದುಕೊಂಡೆ. ನೋಡಿದರೆ ಪಕ್ಕದ ಮನೆಗಳ ದೀಪ ಹಾಗೇ ಇದ್ದವು. ಆರಿಸಿದವರು, ಆಮೇಲೆ ತಿಳಿದಂತೆ, ಗೌಡರ ಹೆಂಡತಿ, ಬೆಳಿಗ್ಗೆ ನನಗೆ ಗಾಜಿನ ಲೋಟದಲ್ಲಿ ಕಾಫಿ ಕಳಿಸಿದವರು. ಅವರು ಹೊರಗೆ ಬರಲಿಲ್ಲ, ನೋಡಲೂ ಇಲ್ಲ. ಸ್ವಿಚ್ಚು ಮಾತ್ರ ಒತ್ತಿದರು.

“ಎರಡು ಬಾಲ ಇದೆ” ಎಂದಳು ಪುಷ್ಪಾ.

ಕಣ್ಣನ್ನು ಇನ್ನೂ ಹತ್ತಿರಕ್ಕೆ ಒತ್ತಿದಳು.

“ಒಂದು ಅಗಲ, ಸ್ವಲ್ಪ ಬಗ್ಗಿದೆ. ಇನ್ನೊಂದು ಸಣ್ಣಕೆ, ನೆಟ್ಟಗೆ, ನೀಲಿ ಥರ. ಯಾಕೆ ಮೇಡಂ, ಒಂದೇ ಐಸಿಂದ ಎರಡು?”

ಎಷ್ಟೋ ಜನ ಆ ಟೆಲಿಸ್ಕೋಪಿನಲ್ಲಿ ನೋಡಿದ್ದರು. ಊರಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದವರುಂಟು, ಎಷ್ಟು ದೂರ ಎಂದು ಕೇಳಿದವರುಂಟು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಗಲವಾದದ್ದು ದೂಳು, ಅದು ಭಾರ, ಬಂದ ದಾರಿಯಲ್ಲೇ ಹಿಂದುಳಿದು ಬಗ್ಗುತ್ತದೆ ಎಂದೆ. ನೀಲಿಯದು ಆವಿಯಿಂದ ಒಡೆದ ವಿದ್ಯುತ್ ಕಣಗಳು. ಸೂರ್ಯನ ಕಡೆಯಿಂದ ಬೀಸುವ ಗಾಳಿಯಂಥದ್ದು ಅದನ್ನು ನೆಟ್ಟಗೆ ಹಿಂದಕ್ಕೆ ತಳ್ಳುತ್ತದೆ ಎಂದೆ. ನನ್ನ ಡಬ್ಬಿಯ ಬಗ್ಗೆಯೂ ಹೇಳಿದೆ. ಅವಳು ಕಣ್ಣು ತೆಗೆಯದೆ ಹೂಂಗುಟ್ಟುತ್ತಿದ್ದಳು.

“ಪುಷ್ಪಾ, ಸಾಕು, ಒಳಕ್ ಬಾ” ಎಂದು ಕತ್ತಲೊಳಗಿನಿಂದ ಗೌಡರ ಧ್ವನಿ ಬಂತು.

“ಬತ್ತೀನಿ ಮಾವ. ಇನ್ನೂ ನೋಡಿ ಆಗಿಲ್ಲ.”

ಗೌಡರು ಮತ್ತೆ ಕರೆಯಲಿಲ್ಲ. ಅವಳು ಪೂರ್ತಿ ಹತ್ತು ನಿಮಿಷ ನೋಡಿದಳು.

ರಾತ್ರಿ ಊರಿನ ಒಬ್ಬ ಹುಡುಗಿಯ ಮನೆಯಲ್ಲಿ ಉಳಿದು, ಸೋಮವಾರ ಬೆಳಿಗ್ಗೆ ಏಳರ ಬಸ್ಸಿಗೆ ಕಾಯುತ್ತಿದ್ದಾಗ ಗೌಡರು ಒಬ್ಬರೇ ಬಂದರು. ನಾಗರತ್ನಳ ಕಡೆ ನೋಡದೆ ನನ್ನೆದುರು ನಿಂತರು. ಮುಖ ನೋಡಿದರೆ ನಿದ್ದೆ ಮಾಡಿರಲಿಲ್ಲ.

“ನೀವು ಬಸ್ ಹತ್ತಿ ಹೋಗ್ಬಿಡ್ತೀರಿ. ಏನಾದ್ರೂ ಆದ್ರೆ ಯಾರು ಜವಾಬ್ದಾರಿ ಹೊರೋರು? ಒಂದ್ಸಲ ಆಗೈತೆ ನಮ್ಮನೇಲಿ.”

ಆ ಕೊನೆಯ ಮಾತಿನಲ್ಲಿ ಅವರ ಧ್ವನಿ ಸ್ವಲ್ಪ ಒಡೆಯಿತು. ಅಲ್ಲಿಯವರೆಗೆ ನನ್ನಲ್ಲಿದ್ದ ಸಿಟ್ಟು ಬೇರೆ ಥರವಾಯಿತು, ಹೋಗಲಿಲ್ಲ.

“ಧೂಮಕೇತುವಿನಿಂದ ಏನಾದರೂ ಆದರೆ ನಾನು ಹೊರುತ್ತೇನೆ.”

“ಬಾಯಲ್ಲಿ ಯಾರ್ ಬೇಕಾದ್ರೂ ಹೇಳ್ತಾರೆ.”

ಚೀಲದಿಂದ ನೋಟ್‌ಪುಸ್ತಕ ತೆಗೆದು, ಪೆಟ್ಟಿಗೆಯ ಮೇಲಿಟ್ಟುಕೊಂಡು ಬರೆದೆ. ಈ ಧೂಮಕೇತು ಭೂಮಿಯಿಂದ ಇಪ್ಪತ್ತು ಕೋಟಿ ಕಿಲೋಮೀಟರಿಗಿಂತ ದೂರದಲ್ಲಿದೆ. ಇದು ಐಸು, ದೂಳು, ಕಲ್ಲು. ಇದನ್ನು ನೋಡುವುದರಿಂದ ಬಸುರಿಗಾಗಲಿ ಮಗುವಿಗಾಗಲಿ ಯಾವ ಕೆಡುಕೂ ಇಲ್ಲ. ಹೆರಿಗೆಯಲ್ಲಿ ತೊಂದರೆ ಕಂಡರೆ ಕೂಡಲೇ ಹಾಸನದ ಆಸ್ಪತ್ರೆಗೆ ಹೋಗಬೇಕು, ಪುಷ್ಪಾಳನ್ನು ದೂರಬಾರದು. ಈ ಮಾತಿಗೆ ನಾನು ಜವಾಬ್ದಾರಿ. ಕೆಳಗೆ ನನ್ನ ಹೆಸರು, ಅಪ್ಪನ ಹೆಸರು, ಅಪ್ಪನ ಕೆಲಸ, ನನ್ನ ಕೆಲಸ ಬರೆದು ಸಹಿ ಹಾಕಿ ಹಾಳೆ ಹರಿದು ಕೊಟ್ಟೆ.

ಗೌಡರು ಎರಡು ಸಲ ಓದಿದರು. “ತಂದೆಯೋರ ಹೆಸ್ರೂ ಹಾಕೀರಿ” ಎಂದರು.

“ಓದಿಸಿದ್ದು ಅವರೇ.”

ಅವರು ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. ಬಸ್ಸು ಬಂತು. ಈ ಸಲ ಕಂಡಕ್ಟರು ಪೆಟ್ಟಿಗೆಯ ಮಾತೆತ್ತಲಿಲ್ಲ.

ನಾಗರತ್ನ ಬೇಲೂರಿನಲ್ಲಿ ಶಾಲೆಗೆ ಇಳಿದುಕೊಂಡಳು. ನಾನು ಹಳೇಬೀಡಿನಲ್ಲಿ ಇಳಿದು ಮಧ್ಯಾಹ್ನದ ಬಸ್ಸಿನವರೆಗೆ ಕಾದೆ. ಬಿಸಿಲಿಗೆ ಕಲ್ಲು ಕಾದು ದೇವಸ್ಥಾನದ ಜಗಲಿಯ ಮೇಲೆ ಬರಿಗಾಲಿಡಲಾಗುತ್ತಿರಲಿಲ್ಲ. ನೆರಳಿದ್ದ ಕಡೆ ಗೋಡೆಗೆ ಒರಗಿ ಕೂತೆ. ಕಾವಲಿನವರು ಬಂದು ಪೆಟ್ಟಿಗೆಯಲ್ಲೇನು ಎಂದರು. ಹೇಳಿದೆ. “ಅದನ್ನ ನಾನೂ ನೋಡ್ದೆ ಕಣ್ರೀ, ಕೆರೆ ಏರಿ ಮೇಲಿಂದ. ಚೆನ್ನಾಗೈತೆ” ಎಂದು, ಅದಕ್ಕಿಂತ ಹೆಚ್ಚು ಹೇಳುವುದೇನಿದೆ ಎಂಬಂತೆ ಹೋದರು. ಅರಸೀಕೆರೆ ಬಿಟ್ಟ ಮೇಲೆ ಅಷ್ಟು ಹಗುರಾಗಿ ಅದರ ಬಗ್ಗೆ ಮಾತಾಡಿದವರು ಅವರೊಬ್ಬರೇ. ಎರಡು ಎಳನೀರು ಕುಡಿದು ಅರಸೀಕೆರೆಯ ಬಸ್ಸು ಹಿಡಿದೆ.

ಮುಂದೆ ಏನಾಯಿತು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಗು ದಿನ ತುಂಬುವ ಮೊದಲೇ, ಮೇ ಕೊನೆಯಲ್ಲಿ ಹುಟ್ಟಿತು. ಹೆಣ್ಣು, ತೂಕ ಕಡಿಮೆ. ಹತ್ತು ದಿನ ಹಾಸನದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಆ ದಿನಗಳಲ್ಲಿ ನೆಂಟರ ನಡುವೆ ಧೂಮಕೇತುವಿನ ಮಾತು ಎದ್ದಿತಂತೆ. ಪುಷ್ಪಾ ಮಂಚದ ಮೇಲಿಂದ, “ಮಾವ, ಆ ಕಾಗದದಲ್ಲಿ ಏನ್ ಬರ್ದೈತೆ, ಇವ್ರಿಗೆಲ್ಲ ಓದಿ ಹೇಳಿ” ಎಂದಳಂತೆ. ಗೌಡರು ಜೇಬಿನಿಂದ ತೆಗೆದು, ಕನ್ನಡಕ ಹಾಕಿಕೊಂಡು, ಗಟ್ಟಿಯಾಗಿ ಓದಿದರಂತೆ, ನಮ್ಮಪ್ಪನ ಹೆಸರಿನವರೆಗೂ. ಮಗು ಚೇತರಿಸಿಕೊಂಡಿತು. ಗೌಡರು ಮಾಲೇಕಲ್ಲು ತಿರುಪತಿ ಬೆಟ್ಟಕ್ಕೆ ಹೋಗಿ ಹರಕೆ ಒಪ್ಪಿಸಿ ಬಂದರು. ಕಾಪಾಡಿದ್ದು ವೆಂಕಟರಮಣನೇ ಎಂದು ಈಗಲೂ ಹೇಳುತ್ತಾರೆ. ಹೇಳಲಿ. ನಾಗರತ್ನಳ ಕೆಲಸ ಮಾತ್ರ ಆ ಜೂನಿನಲ್ಲಿ ಖಾಯಂ ಆಗಲಿಲ್ಲ. ಒಂದು ವರ್ಷ ಮನೆಪಾಠ ಹೇಳಿ, ಪರೀಕ್ಷೆ ಬರೆದು, ಸರ್ಕಾರಿ ಶಾಲೆ ಸೇರಿ ಜಾವಗಲ್ಲಿಗೆ ಹೋದಳು. ನಾನು ಕ್ಷಮೆ ಕೇಳಿ ಬರೆದ ಕಾಗದಕ್ಕೆ, “ಕ್ಷಮೆ ಗಿಮೆ ಬೇಡ ಕಣೇ, ಮುಂದಿನ ಧೂಮಕೇತು ಯಾವಾಗ ಹೇಳು” ಎಂದು ಉತ್ತರ ಬಂತು.

ಇದೊಂದೂ ನನಗೆ ಆ ಸೋಮವಾರ ಗೊತ್ತಿರಲಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಅರಸೀಕೆರೆಯಿಂದ ರೈಲು ಹೊರಟಿತು. ಆನಂದ ಕೈ ಬೀಸಿ, ಹಮಾಲಿ ಕರಿಯಪ್ಪನ ಜೊತೆ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದ. ಸೀಟಿನ ಪಕ್ಕ ಪೆಟ್ಟಿಗೆ ನಿಲ್ಲಿಸಿ, ನೋಡಿಕೊಳ್ಳಿ ಎಂದು ಎದುರಿನ ಹೆಂಗಸಿಗೆ ಹೇಳಿ, ಕತ್ತಲಾಗುತ್ತಲೇ ಬಾಗಿಲಿಗೆ ಬಂದೆ. ಮೊದಲ ಸಲ ಅದನ್ನು ಬೇರೆಯವರಿಗೆ ಒಪ್ಪಿಸಿದ್ದು.

ಗಾಳಿ ಇನ್ನೂ ಬಿಸಿಯಾಗಿತ್ತು. ತೆಂಗಿನ ತೋಟಗಳ ಹಿಂದೆ, ನಾವು ಬಿಟ್ಟು ಬಂದ ದಿಕ್ಕಿನಲ್ಲೇ, ಅದು ನಿಂತಿತ್ತು. ಬಾಗಿಲ ಸರಳು ಹಿಡಿದು ಹೊರಗೆ ಬಾಗಿ ನೋಡಿದೆ. ಭಯ ಇನ್ನೂ ಹೋಗಿರಲಿಲ್ಲ. ಆ ಕಾಗದದ ಒಂದೊಂದು ಸಾಲನ್ನೂ ಮನಸ್ಸಿನಲ್ಲೇ ಮತ್ತೆ ಓದಿಕೊಂಡೆ, ಎಲ್ಲಾದರೂ ಹೆಚ್ಚು ಹೇಳಿದೆನೇ ಎಂದು. ಇಲ್ಲ, ಗೊತ್ತಿದ್ದಷ್ಟನ್ನೇ ಬರೆದಿದ್ದೆ. ಒಂದು ಪದವನ್ನೂ ಹೊಡೆದುಹಾಕಬೇಕೆನಿಸಲಿಲ್ಲ. ಟಿ.ಸಿ. ಬಂದು, “ಬಾಗಿಲಲ್ಲಿ ನಿಲ್ಬೇಡಿ ಮೇಡಂ, ಒಳಗ್ ಬನ್ನಿ” ಎಂದರು.

“ಇನ್ನು ಸ್ವಲ್ಪ ಹೊತ್ತು” ಎಂದು ಅಲ್ಲೇ ನಿಂತೆ.